ಬೆಲ್ಲ ಹೆಚ್ಚಾದ ಕವಿತೆಗಳು

ವಾಯ್ಸ್ ಮೆಸೇಜ್ ಒತ್ತಿದರೆ ರಾಜೇಸಾಬ ಕಾಕಾರ ದನಿಗಿಂತ ಮೊದಲು ಬಸ್ಸಿನ ಹಾರ್ನ್ ಕೇಳುತ್ತಿತ್ತು. ಆಮೇಲೆ ಕಂಡಕ್ಟರನ ಸೀಟಿ, "ಬರ್ರಿ ಅಕ್ಕಾರ, ತಿಂದ ನೋಡಿ ಒಯ್ಯರಿ" ಎಂದು ಯಾರೋ ಗಿರಾಕಿಯನ್ನು ಕೂಗುವುದು, ಬಾಣಲೆಗೆ ಸೌಟು ಬಡಿಯುವ ಸದ್ದು. ಇಷ್ಟೆಲ್ಲ ಆದ ಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡು, ನಾವು ಬರೆದ ಕವಿತೆಯನ್ನು ನಮಗೇ ಓದಿ ಹೇಳುತ್ತಿದ್ದರು. ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ, ಒಂದನ್ನೂ ಬಿಡದೆ. ಅಮೀನಗಡದ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನಮ್ಮದೇ ಕವಿತೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದರೆ ಅದರ ಅರ್ಧ ಬಣ್ಣ ಅಲ್ಲೇ ಬಯಲಾಗುತ್ತಿತ್ತು. ಕಾಕಾ ತಮ್ಮ ಅಭಿಪ್ರಾಯ ಹೇಳುವ ಹೊತ್ತಿಗೆ ನಾವು ಆಗಲೇ ನಾಚಿಕೊಂಡು ಕೂತಿರುತ್ತಿದ್ದೆವು.

ನಮ್ಮದೊಂದು ವಾಟ್ಸಾಪ್ ಗುಂಪು, 'ಕವಿಗಳ ಕಟ್ಟೆ' ಎಂದು ಹೆಸರು. ಬಾದಾಮಿಯ ನಿವೃತ್ತ ಮಾಸ್ತರರೊಬ್ಬರು ಅಡ್ಮಿನ್. ಹುನಗುಂದದ ವಕೀಲರು, ಬಾಗಲಕೋಟೆಯ ದವಾಖಾನೆಯೊಂದರ ನರ್ಸಮ್ಮ, ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಬಿಲ್ಲು ಬರೆಯುವ ನಾನು, ಹೀಗೆ ಎಲ್ಲರೂ ಹೊಟ್ಟೆಪಾಡಿಗೆ ಒಂದು, ಚಟಕ್ಕೆ ಒಂದು ಇಟ್ಟುಕೊಂಡವರು. ಕಟ್ಟೆಯ ವ್ಯವಹಾರ ಮದುವೆಮನೆಯ ಮುಯ್ಯಿಯ ಹಾಗೆ. ನನ್ನ ಕವಿತೆಗೆ ನೀನು ಹೂವಿನ ಚಿತ್ರ ಹಾಕಿದರೆ ನಿನ್ನದಕ್ಕೆ ನಾನು ಚಪ್ಪಾಳೆ ಹಾಕಬೇಕು. ಜೊತೆಗೆ "ಅದ್ಭುತ ಸರ್, ಮುಂದುವರಿಸಿ" ಎಂಬ ಒಂದು ಸಾಲು. ಓದದೆಯೂ ಹಾಕಬಹುದು, ಓದಿದರೆ ಹಾಕುವುದು ಕಷ್ಟ.

ಈ ಮುಯ್ಯಿಯ ಲೆಕ್ಕಕ್ಕೆ ಸೇರದವರು ಕಾಕಾ ಒಬ್ಬರೇ. ನಾನು ಮೊದಲ ಸಲ ಒಂದು ಕವಿತೆ ಹಾಕಿದೆ, ಗಣಿಯಲ್ಲಿ ಸೀಳಿದ ಕಲ್ಲಿನ ಮೇಲೆ. ಬೆಳಗಿನಿಂದ ಹೂವಿನ ಮಳೆ. ಮಧ್ಯಾಹ್ನ ಬಸ್ಸಿನ ಹಾರ್ನ್ ಬಂತು. ಓದಿ ಮುಗಿಸಿ ಕಾಕಾ ಹೇಳಿದರು: "ಲೇ ತಮ್ಮಾ ಮಾಂತೇಶ, ಕಲ್ಲು ಅಳತೈತಿ, ಗುಡ್ಡ ಅಳತೈತಿ, ಮುಗಿಲು ಅಳತೈತಿ. ಲಾರಿ ಡ್ರೈವರ್ ಒಬ್ಬ ಉಳದಾನ ನೋಡು, ಅವನ್ನೂ ಅಳಸಿಬಿಡು. ಬೆಲ್ಲ ಹೆಚ್ಚಾಗೇತಪಾ, ಹಲ್ಲಿಗೆ ಹತ್ತಾಕತ್ತೈತಿ. ಒಂದ ನಾಕ ಸಾಲ ತಗಿ."

ಕಾಕಾರದು ಕರದಂಟಿನ ಅಂಗಡಿ. ಪಾಕಕ್ಕೆ ಬೆಲ್ಲ ಹೆಚ್ಚಾದರೆ ಕೊಬ್ಬರಿ, ಗೋಡಂಬಿ, ಕರಿದ ಅಂಟು ಯಾವುದರ ರುಚಿಯೂ ನಾಲಿಗೆಗೆ ಸಿಗುವುದಿಲ್ಲ, ಎಲ್ಲ ಒಂದೇ ಮುದ್ದೆ. ಕವಿತೆಗೂ ಅವರು ಅದೇ ಮಾತು ಹೇಳುತ್ತಿದ್ದರು. ನನಗೆ ಸಿಟ್ಟು ಬಂದು ಒಂದು ವಾರ ಕಟ್ಟೆಯ ಕಡೆ ತಲೆ ಹಾಕಲಿಲ್ಲ. ಆಮೇಲೆ ನಾಲ್ಕು ಸಾಲು ತೆಗೆದು ಓದಿದೆ. ದರಿದ್ರದ್ದು, ಕವಿತೆ ಸುಧಾರಿಸಿತ್ತು!

ಹಾಗಂತ ಕಾಕಾ ದೊಡ್ಡ ಪಂಡಿತರೇನಲ್ಲ. ಅವರ ಸ್ವಂತ ಕವಿತೆಗಳನ್ನು ನಾನು ಅಂಗಡಿಯಲ್ಲಿ ಕೇಳಿದ್ದೇನೆ, ದೇವರೇ ಕಾಪಾಡಬೇಕು. ಚಂದ್ರ, ತಾರೆ, ನಲ್ಲೆಯ ಮುಂಗುರುಳು. ಓದಿ ತಾವೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ನನ್ನ ಕವಿತಿ ಸಕ್ಕರಿ ರೋಗ ಇದ್ದವರು ಓದಬಾರದಲೇ. ಮಂದೀದು ಗೊತ್ತಾಗತೈತಿ, ನಂದು ತಿದ್ದಾಕ ಬರಂಗಿಲ್ಲ." ಕಟ್ಟೆಯಲ್ಲಿ ಅವರು ಒಂದನ್ನೂ ಹಾಕಲಿಲ್ಲ. ನನಗಂತೂ ಒಂದೇ ಹಟ ಹತ್ತಿತು: ಈ ಮನುಷ್ಯನ ಬಾಯಿಂದ ಒಮ್ಮೆ "ಚಲೋ ಐತಿ" ಅನ್ನಿಸಿಕೊಳ್ಳಬೇಕು. ವರ್ಷಗಟ್ಟಲೆ ಬರೆದೆ. ಬೆಲ್ಲ ಕಡಿಮೆಯಾಗುತ್ತ ಬಂತೇ ಹೊರತು ಆ ಮಾತು ಬರಲಿಲ್ಲ.

ಒಮ್ಮೆ ಹುನಗುಂದದ ವಕೀಲರು 'ಅವ್ವ ಹೋದ ಮೇಲೆ' ಎಂಬ ಕವಿತೆ ಹಾಕಿದರು. ಒಲೆ ಆರಿದೆ, ರೊಟ್ಟಿಯ ಬುಟ್ಟಿ ಬರಿದಾಗಿದೆ, ಅಂಥದ್ದು. ಕಟ್ಟೆ ಕೈಮುಗಿದು ಸಂತಾಪ ಹೇಳಿತು. ಕಾಕಾ ಅಂಗಡಿಯಲ್ಲಿ ಕೂತು ಅತ್ತರಂತೆ. ಅತ್ತು, ಶಲ್ಯ ಹೆಗಲಿಗೆ ಹಾಕಿಕೊಂಡು, ಹುನಗುಂದದ ಬಸ್ಸು ಹತ್ತಿ ಮಾತಾಡಿಸಲು ಹೋದರು. ಬಾಗಿಲು ತೆರೆದದ್ದು ವಕೀಲರ ಅವ್ವ! ವಕೀಲರು ಒಳಗಿನಿಂದ ಓಡಿ ಬಂದು, "ಕವಿತಿ ರೀ ಅದು ಕಾಕಾ, ಸುಮ್ನ ಕಲ್ಪನಾ" ಎಂದರಂತೆ. ಸಂಜೆ ಕಾಕಾರ ವಾಯ್ಸ್ ಮೆಸೇಜ್ ಬಂತು: "ಸತ್ತಾಕಿ ಕೈಯಾಗ ಚಾ ಕುಡದು ಬಂದೇನ್ರಪಾ. ಸಕ್ಕರಿ ಬರೋಬ್ಬರಿ ಹಾಕಿದ್ಲು, ಮಗನಕಿಂತ ಚಲೋ. ಇನ್ನ ಕವಿತಿಯೊಳಗ ಯಾರ ಸತ್ತರೂ ನಾ ಅಳಾಂವಲ್ಲ. ಕವಿತಿ ಅಷ್ಟ ನೋಡಾಂವ." ನಾವು ಬಿದ್ದು ಬಿದ್ದು ನಕ್ಕೆವು. ಆ ಮಾತನ್ನು ಕಾಕಾ ಖರೆಯಾಗಿಯೇ ಪಾಲಿಸುತ್ತಾರೆಂದು ಯಾರಿಗೆ ಗೊತ್ತಿತ್ತು!

ಅದಾದ ಕೆಲವು ತಿಂಗಳಿಗೆ ನರ್ಸಮ್ಮ ಹೊಸಬಳೊಬ್ಬಳನ್ನು ಕಟ್ಟೆಗೆ ಕರೆತಂದರು. ಕೆರೂರಿನ ರೇಣುಕಾ. ಬಂದ ಮೊದಲ ವಾರವೇ ಒಂದು ಕವಿತೆ ಹಾಕಿದಳು. ಮಡಿಸಿಟ್ಟ ಕೂಸಿನ ಕುಂಚಿಗೆ, ಬಿಚ್ಚದೆ ಉಳಿದ ತೊಟ್ಟಿಲಿನ ಹಗ್ಗ, ಎದೆಯಲ್ಲಿ ಕಟ್ಟಿಕೊಂಡ ಹಾಲು. ಪ್ರತಿ ಪದ್ಯದ ಕೊನೆಗೆ ಒಂದು ಹೆಸರು: ಶಿವಲೀಲಾ. ಎಂದಿನಂತೆ ಹೂವು ಬಿದ್ದವು, "ಅದ್ಭುತ ಮೇಡಂ, ಮುಂದುವರಿಸಿ" ಬಿದ್ದವು. ಮಧ್ಯಾಹ್ನ ಹಾರ್ನ್ ಬಂತು.

ಕಾಕಾ ಬಹಳ ಚಂದ ಓದಿದರು. ಆಮೇಲೆ ಹೇಳಿದರು: "ತಂಗೀ, ಕುಂಚಿಗಿ ಭಾಳ ಚಲೋ ಐತಿ. ತೊಟ್ಟಲದ ಹಗ್ಗ ಚಲೋ ಐತಿ. ಆದ್ರ ಪದ್ಯಕ್ಕೊಮ್ಮೆ ಶಿವಲೀಲಾ, ಶಿವಲೀಲಾ ಅಂತ ಕೂಗಿದ್ರ ಬೆಲ್ಲ ಆಗತೈತಿ. ಆ ಹೆಸರ ತಗದಬಿಡು. ಹೆಸರ ಇಲ್ಲದ ಓದಿ ನೋಡು, ಕವಿತಿ ತನ್ನ ಕಾಲ ಮ್ಯಾಲ ನಿಂದರತೈತಿ."

"ಆಯ್ತ್ರಿ ಕಾಕಾರ" ಎಂದು ರೇಣುಕಾ ಬರೆದಳು. ಮರುದಿನ ಬೆಳಿಗ್ಗೆ ಗುಂಪಿನಿಂದ ಹೊರಗೆ ಹೋಗಿದ್ದಳು.

ನರ್ಸಮ್ಮ ಕಾಕಾರಿಗೆ ಫೋನು ಮಾಡಿದರು. ಬೈಯಲಿಲ್ಲ, ಅತ್ತರಂತೆ. ಶಿವಲೀಲಾ ಎಂಬುದು ಕಲ್ಪನೆಯಲ್ಲ, ರೇಣುಕಾಳ ಕೂಸು. ಮೊಲೆಹಾಲು ಬಿಡುವ ಮೊದಲೇ, ಜ್ವರ ನೆತ್ತಿಗೇರಿ, ನರ್ಸಮ್ಮನ ವಾರ್ಡಿನಲ್ಲೇ ಹೋಗಿತ್ತು. ಆ ತಾಯಿ ಮಾತೇ ಬಿಟ್ಟು ಕೂತಾಗ "ಬಾಯಿಲೆ ಆಗದಿದ್ರ ಕೈಲೆ ಬರಿ ತಂಗಿ" ಎಂದು ಹೇಳಿದವರು ನರ್ಸಮ್ಮ.

ಮರುದಿನ ಕಾಕಾ ನನಗೆ ಫೋನು ಮಾಡಿದರು. ದನಿ ಕುಸಿದಿತ್ತು. "ಮಾಂತೇಶ, ನಾ ಕೂಸಿನ ಹೆಸರ ತಗಿ ಅಂದೇನೋ. ಹೆತ್ತಾಕಿಗೆ ಹೇಳೇನಿ." ನಾನು ಏನೇನೋ ಸಮಾಧಾನ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. "ಆಕಿ ಮತ್ತ ಒಂದ ಸಾಲ ಬರದ್ಲಂದ್ರ ಸಾಕು. ಹೆಂಗರ ಇರಲಿ, ಬೆಲ್ಲದ ಪೆಂಟೀನ ಇರಲಿ. ಬರಸಬೇಕೋ ಆಕಿ ಕಡಿಂದ. ನೀ ಬಾ ನನ್ನ ಜೋಡಿ."

ಸಂತೆಯ ದಿನ ಇಬ್ಬರೂ ಕೆರೂರಿಗೆ ಹೋದೆವು. ಕಾಕಾರ ಕೈಯಲ್ಲಿ ಕರದಂಟಿನ ಡಬ್ಬಿ. ರೇಣುಕಾಳ ಗಂಡನದು ಹಿಟ್ಟಿನ ಗಿರಣಿ. ಸಂತೆಗೆ ಬಂದವರೆಲ್ಲ ಜೋಳದ ಚೀಲ ಸಾಲಾಗಿ ಇಟ್ಟು ನಿಂತಿದ್ದರು. ಗಿರಣಿಯ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವಂತಿರಲಿಲ್ಲ. ರೇಣುಕಾ ಹಿಟ್ಟು ತುಂಬುವ ಕಡೆ ಇದ್ದಳು, ಹುಬ್ಬಿನವರೆಗೂ ಬೆಳ್ಳಗೆ. ಕಾಕಾ ತಮ್ಮ ಹೆಸರು ಹೇಳಿದರು, ಆಕೆಗೆ ಕೇಳಲಿಲ್ಲ. ಇನ್ನೂ ಜೋರಾಗಿ ಹೇಳಿದರು. ಕೊನೆಗೆ ಇದ್ದ ದನಿಯನ್ನೆಲ್ಲ ಒಟ್ಟುಮಾಡಿ, "ನನ್ನ ತಪ್ಪಾತವ್ವಾ!" ಎಂದು ಕೂಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಗಿರಣಿ ನಿಂತಿತು. ಆ ಒಂದು ಮಾತು ಅಲ್ಲಿದ್ದವರಿಗೆಲ್ಲ ಕೇಳಿತು. ಜನರೆಲ್ಲ ತಿರುಗಿ ನೋಡಿದರು.

ಆಕೆ ಬೆಚ್ಚಲಿಲ್ಲ. ಕೈ ಕೊಡವಿಕೊಂಡು ಹತ್ತಿರ ಬಂದಳು. "ದನೀಲೆ ಗುರುತ ಹಿಡದೆ ನೋಡ್ರಿ ಕಾಕಾರ. ಕುಂದರ್ರಿ" ಎಂದು ಮಣೆ ಎಳೆದಳು. ಕಾಕಾ ಕೂರಲಿಲ್ಲ. ನಿಂತೇ ಹೇಳಿದರು: "ಗೊತ್ತಿರಲಿಲ್ಲ ಯವ್ವಾ. ಆ ಹೆಸರ ಹಂಗ ಇರಲಿ. ಕವಿತಿ ತುಂಬ ಅದ ಇರಲಿ. ನೀ ಬರಿ ಅಷ್ಟ."

"ನೀವ್ಯಾಕ ತಪ್ಪ ಅಂತೀರಿ? ನೀವು ಹೇಳಿದ್ದು ಖರೇನ ಇತ್ತು. ಹೆಸರ ತಗದು ಓದಿದೆ. ಕವಿತಿ ಚಲೋ ಆಗಿತ್ತು." ಸೆರಗಿನಿಂದ ಹುಬ್ಬಿನ ಹಿಟ್ಟು ಒರೆಸಿಕೊಂಡಳು. "ಆಕಿ ಇಲ್ಲದನ ಚಲೋ ಆಗೂದಿದ್ರ ಅಂಥಾ ಕವಿತಿ ನನಗ್ಯಾಕ್ರಿ, ಕಾಕಾರ?"

ಗಂಡ ಚಹಾ ತರಿಸಿದ. ಕುಡಿದೆವು. ಡಬ್ಬಿಯನ್ನು ಆಕೆ ಎರಡೂ ಕೈಯಿಂದ ತೆಗೆದುಕೊಂಡು ತಕ್ಕಡಿಯ ಪಕ್ಕ ಇಟ್ಟಳು. ಕರೆಂಟು ಬಂತು, ಗಿರಣಿ ಶುರುವಾಯಿತು, ಆಕೆ ಮತ್ತೆ ಹಿಟ್ಟಿನ ಕಡೆ ಹೋದಳು. ಬಸ್ಸಿನಲ್ಲಿ ಕಾಕಾ ಕಿಟಕಿಯ ಹೊರಗೆ ನೋಡುತ್ತಿದ್ದರು. ಬಾಗಲಕೋಟೆ ಬರುವ ಮುಂಚೆ ಒಮ್ಮೆ ಮಾತ್ರ ಬಾಯಿ ಬಿಟ್ಟರು: "ನಾ ಹೇಳಿದ್ದು ಸುಳ್ಳರ ಆಗಿದ್ರ ಚಲೋ ಇರತಿತ್ತಲ್ಲೋ."

ಅಂದಿನಿಂದ ಕಟ್ಟೆಗೆ ಬಸ್ಸಿನ ಹಾರ್ನ್ ಬರಲಿಲ್ಲ. ಅದರ ಬದಲು ಪ್ರತಿಯೊಂದು ಕವಿತೆಯ ಕೆಳಗೆ ಎರಡು ಪದ ಟೈಪಾಗಿ ಬರತೊಡಗಿದವು: ಚಲೋ ಐತಿ. ವಕೀಲರಿಗೂ ಚಲೋ ಐತಿ, ಮಾಸ್ತರರಿಗೂ ಚಲೋ ಐತಿ, ಯಾರೋ ಕದ್ದು ತಂದು ಹಾಕಿದ ಕವಿತೆಗೂ ಚಲೋ ಐತಿ. ಕಟ್ಟೆಗೆ ಖುಷಿಯೋ ಖುಷಿ. "ಕಾಕಾ ಸುಧಾರಿಸ್ಯಾರ" ಎಂದು ವಕೀಲರು ಹಲ್ಲು ಕಿರಿದ ಮುಖದ ಚಿತ್ರ ಹಾಕಿದರು. ನನಗೆ ಮೈಯೆಲ್ಲ ಉರಿಯಿತು. ಬೇಕೆಂದೇ ಒಂದು ದರಿದ್ರ ಕವಿತೆ ಬರೆದೆ. ಕಲ್ಲು, ಗುಡ್ಡ, ಮುಗಿಲು, ಲಾರಿ ಡ್ರೈವರು, ಕ್ಲೀನರು, ಎಲ್ಲರನ್ನೂ ಗೊಳೋ ಎಂದು ಅಳಿಸಿ ಕಟ್ಟೆಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಬಂತು: ಚಲೋ ಐತಿ. ಎಷ್ಟು ವರ್ಷ ಆಸೆಪಟ್ಟ ಮಾತು ಅದು! ಫೋನು ಎತ್ತಿ ಗೋಡೆಗೆ ಬಡಿಯಬೇಕೆನಿಸಿತು.

ಬಸ್ಸು ಹತ್ತಿ ಅಮೀನಗಡಕ್ಕೆ ಹೋದೆ. ಕಾಕಾ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಸೊರಗಿದ್ದರು. ನಾನು ಕುಶಲ ಕೇಳುವ ತಾಳ್ಮೆಯಲ್ಲಿರಲಿಲ್ಲ.

"ಕಾಕಾ, ಖರೆ ಹೇಳ್ರಿ. ಹೆಂಗಿತ್ತು ನನ್ನ ಕವಿತಿ?"

"ಚಲೋ ಐತಿ ಅಂದೇನಲ್ಲ."

"ಬೇಕಂತ ಬೆಲ್ಲ ಸುರದೇನ್ರಿ ಅದರಾಗ!"

"ಗೊತ್ತೈತಿ."

"ಮತ್ತ ಬೈರಿ! ನಾಕ ಸಾಲ ತಗಿ ಅನ್ರಿ!"

ಕಾಕಾ ನನ್ನ ಮುಖ ನೋಡಿದರು. "ಆ ಕಲ್ಲಿನ ಹಿಂದ ಯಾರರ ಇದ್ರಂದ್ರ?"

"ಯಾರೂ ಇಲ್ರಿ ಕಾಕಾ. ಕಲ್ಲ ಅಷ್ಟ."

"ಆಕೀದೂ ನಾ ಹಂಗ ಅನಕೊಂಡಿದ್ದೆ" ಎಂದರು. ಒಂದು ತುಂಡು ಕರದಂಟು ಮುರಿದು ನನ್ನ ಕೈಗಿಟ್ಟರು. ಆಮೇಲೆ, ನಾನು ಸಿಕ್ಕಾಗಲೆಲ್ಲ ಅವರು ಕೇಳುತ್ತಿದ್ದ ಮಾತನ್ನೇ ಕೇಳಿದರು: "ಆಕಿ ಏನರ ಬರದ್ಲಂತೇನು? ನರ್ಸಮ್ಮ ಏನರ ಅಂದ್ರೇನು?" ಇಲ್ರಿ ಎಂದೆ. "ಹೂಂ" ಎಂದರು. ಇಳಕಲ್ಲಿನ ಬಸ್ಸು ಬಂತು. ನಾನು ಸಿಟ್ಟಿನಲ್ಲೇ ಹತ್ತಿದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕೂತ ಕಾಕಾ ದವಾಖಾನೆ ಮುಟ್ಟಲಿಲ್ಲ. ಮಣ್ಣಿಗೆ ಹೋಗಿ ಬಂದೆ. ವಕೀಲರೂ ಬಂದಿದ್ದರು, ಖರೆಯಾಗಿಯೇ ಅಳುತ್ತಿದ್ದರು. ರೇಣುಕಾ ಏನೂ ಬರೆದಿರಲಿಲ್ಲ. ಬರೆಯಲೂ ಇಲ್ಲ, ಇವತ್ತಿನವರೆಗೂ.

ಅದೇ ಸಂಜೆಯಿಂದ ಕಟ್ಟೆಯಲ್ಲಿ ಕಾಕಾರ ಮೇಲೆ ಕವಿತೆಗಳು ಶುರುವಾದವು. ಒಬ್ಬರು ಅವರನ್ನು ಸಿಹಿಯ ಸಾಮ್ರಾಟ ಎಂದರು, ಇನ್ನೊಬ್ಬರು ಅಮೀನಗಡದ ಚಂದ್ರಮ ಎಂದರು. ಅಂಗಡಿ ಅತ್ತಿತು, ಬಾಣಲೆ ಅತ್ತಿತು, ಹೆದ್ದಾರಿ ಬಿಕ್ಕಿ ಬಿಕ್ಕಿ ಅತ್ತಿತು. ಒಂದೊಂದರ ಕೆಳಗೂ ಹೂವು, ಚಪ್ಪಾಳೆ. ಒಂದು ಕವಿತೆಯನ್ನಾದರೂ ಓದಿ ಬೈಯುವವರಿಲ್ಲ. ಬೈಯೋಣವೆಂದು ನಾನೇ ಕೈ ಹಾಕಿದೆ, ಆಗಲಿಲ್ಲ. ಆ ಬಾಣಲೆಯ ಹಿಂದೆ ಯಾರಿದ್ದರು ಎಂದು ನನಗೆ ಗೊತ್ತಿತ್ತಲ್ಲ.

ನಾನೂ ಒಂದು ಬರೆದೆ. ಫ್ಯಾಕ್ಟರಿಯಲ್ಲಿ ಕಟ್ಟಿಂಗ್ ಮಷಿನ್ನಿನ ಪಕ್ಕ ನಿಂತು, ಅವರ ಹಾಗೆ ಗಟ್ಟಿಯಾಗಿ ಓದಿದೆ. ಬೆಲ್ಲ. ನಾಲ್ಕು ಸಾಲು ತೆಗೆದೆ. ಮತ್ತೆ ಓದಿದೆ. ಹಾರ್ನ್ ತೆಗೆದೆ, ಸೀಟಿ ತೆಗೆದೆ, ಕರದಂಟು ತೆಗೆದೆ. ತೆಗೆದ ಹಾಗೆಲ್ಲ ಕಾಕಾರ "ತಗಿ" ಎಂಬ ದನಿ ಇನ್ನೂ ಸ್ವಲ್ಪ ಹತ್ತಿರ ಕೇಳುತ್ತಿತ್ತು, ಅದಕ್ಕೇ ತೆಗೆಯುತ್ತ ಹೋದೆ. ಕೊನೆಗೆ ಹೆಸರೊಂದು ಉಳಿಯಿತು: ರಾಜೇಸಾಬ ಕಾಕಾ. ಅದನ್ನು ಅಳಿಸಲು ಬೆರಳು ಏಳಲಿಲ್ಲ.

ಅಷ್ಟನ್ನೇ ಕಟ್ಟೆಗೆ ಕಳಿಸಿದೆ. ಫೋನು ಕಿಸೆಗೆ ಇಡುವ ಮೊದಲೇ ಉತ್ತರ ಬಂತು. ಎರಡು ಹೂವು, ಅದರ ಕೆಳಗೆ: "ಅದ್ಭುತ ಸರ್, ಮುಂದುವರಿಸಿ."