ಅಡುಗೆಮನೆಗೆ ಬರುವ ನೀರು

ಬಾಳೂರಿನಲ್ಲಿ ನಾವು ಇಳಿದುಕೊಂಡಿದ್ದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆಯ ಜಗಲಿಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದೆ. ಯಜಮಾನರು ಬಂದು, "ಮೇಲಿನ ಜಾಗ ತಮ್ಮನಿಗೇ ಇರಲಿ ಅಂತ ವೀಳ್ಯ ಬದಲಾಯಿಸಿ ಬಂದೆವು. ನಮಗೆ ಕೆಳಗಿನದು," ಅಂದರು.

ವೀಳ್ಯ ಬದಲಾಯಿಸಿದ ಮೇಲೆ ಮಾತು ತಿರುಗುವಂತಿಲ್ಲ. ಇಲ್ಲಿ ಜಮೀನು ಕೊಂಡು ನೆಲೆಸೋಣವೆಂದು ಹಾಸನದ ಕಡೆಯಿಂದ ನಮ್ಮದೂ ಮೈದುನನದೂ ಎರಡೂ ಸಂಸಾರ ಗಾಡಿ ಕಟ್ಟಿಸಿಕೊಂಡು ಬಂದಿದ್ದೆವು. ಬೆಳಿಗ್ಗೆ ಆ ಮೇಲಿನ ಜಾಗದಲ್ಲಿ ಕಂಡದ್ದು ಇನ್ನೂ ಕಣ್ಣಲ್ಲಿತ್ತು. ಗುಡ್ಡದ ಒರತೆಯ ನೀರು ಸೀಳಿದ ಬಿದಿರಿನ ದಂಬೆಗಳಲ್ಲಿ ಹರಿದು ನೇರವಾಗಿ ಅಡುಗೆಮನೆಯ ಬಾನಿಗೆ ಬೀಳುತ್ತಿತ್ತು. ಹಗ್ಗವಿಲ್ಲ, ರಾಟೆಯಿಲ್ಲ. ಹದಿನಾರು ವರ್ಷ ನೀರು ಸೇದಿದ ಅಂಗೈಯನ್ನು ನೋಡಿಕೊಂಡೆ.

"ನನ್ನನ್ನೊಂದು ಮಾತು ಕೇಳಬಾರದಿತ್ತೇ?"

"ಚಿಕ್ಕವನು ಬಾಯಿಬಿಟ್ಟು ಕೇಳಿದ ಕಣೇ. ನಮ್ಮದರಲ್ಲೂ ಬಾವಿ ಇದೆಯಲ್ಲ."

ಅಷ್ಟರಲ್ಲಿ ಓರಗಿತ್ತಿ ಓಡಿಬಂದಳು. "ಅಕ್ಕಾ, ಮಡಿನೀರಿಗೆ ನಮ್ಮಲ್ಲಿಗೇ ಬನ್ನಿ. ಕೊಡ ಹಿಡಿದರೆ ಸಾಕು, ತಾನಾಗೇ ತುಂಬುತ್ತೆ!"

"ನಿನ್ನ ಭಾಗ್ಯ, ತಾಯಿ," ಅಂದೆ. ಹೊಟ್ಟೆಯೊಳಗೆ ಒಲೆ ಹತ್ತಿಕೊಂಡಿತ್ತು.

ಅವಳು ಅತ್ತ ಹೋದ ಮೇಲೆ ರೈಟರ ಹೆಂಡತಿ ಹತ್ತಿರ ಬಂದು, "ಬೇಜಾರು ಮಾಡ್ಕೋಬೇಡಿ ಮಾರಾಯ್ರೆ. ಕೆಳಗೆ ಬಿಸಿಲಾದ್ರೂ ಬೀಳ್ತದೆ. ಆ ಮೇಲಿನ ಜಾಗದಲ್ಲಿ ಹಪ್ಪಳ ಒಣಹಾಕಿದ್ರೆ ಬೂಷ್ಟೇ ಗತಿ," ಅಂದರು.

ಬಿಸಿಲು ಕೊಟ್ಟ ಹೊರನಾಡಿನ ತಾಯಿಗೆ ಕೂತಲ್ಲಿಂದಲೇ ಕೈಮುಗಿದೆ. ನಿಜ ಹೇಳಬೇಕೆಂದರೆ, ನಮ್ಮ ಬಿಸಿಲಿಗಿಂತ ಓರಗಿತ್ತಿಯ ಹಪ್ಪಳದ ಬೂಷ್ಟೇ ಮನಸ್ಸಿಗೆ ಹೆಚ್ಚು ಹಿತವಾಯಿತು. ಅದಕ್ಕೆ ಆ ತಾಯಿಯ ಮುಂದೆ ಬೇರೆಯಾಗಿ ತಪ್ಪೊಪ್ಪಿಕೊಂಡು, ಒಗ್ಗರಣೆಗೆ ಸಾಸಿವೆ ಹುಡುಕಲು ಎದ್ದೆ.