ಮೈಕಿನಣ್ಣ ಕಲಿಸಿದ ‘ಹ’

ಮೈಕಿನಣ್ಣನ ಎಡಗಿವಿ ಮಡಿಸಿಟ್ಟ ವೀಳ್ಯದೆಲೆಯ ಹಾಗೆ ಮುಂದಕ್ಕೆ ಬಾಗಿತ್ತು. ತನ್ನ ದನಿ ತನಗೆ ಕೇಳಬೇಕೆಂದು ಮೂವತ್ತು ವರ್ಷ ಆ ಕಿವಿಯ ಹಿಂದೆ ಅಂಗೈ ಒತ್ತಿಕೊಂಡೇ ಮಾತಾಡಿದವರು ಅವರು. ಹೊಸದುರ್ಗದಲ್ಲಿ ಸಂತೆ, ಸಾವು, ಪೋಲಿಯೋ ಹನಿ, ಕಳೆದುಹೋದ ಎಮ್ಮೆ, ಯಾವ ಸುದ್ದಿ ಆಟೋ ಮೇಲಿನ ಮೈಕಿನಲ್ಲಿ ಬಂದರೂ ಅದು ಅವರ ದನಿಯೇ.

ನನಗೆ ಅವರ ಪರಿಚಯ ಆದದ್ದು ಕಂಬಳಿಯಿಂದ. ನಾನು ಕುರಿ ಕಾಯುವವನು, ಕಂಬಳಿ ನೇಯುವವನು, ಓದಿದ್ದು ಎರಡನೇ ಕ್ಲಾಸು. ದನಿ ರೆಕಾರ್ಡು ಮಾಡುವ ತಮ್ಮ ಕೋಣೆಯ ನಾಲ್ಕು ಗೋಡೆಗೂ ಕಂಬಳಿ ಬೇಕೆಂದು ಅವರು ಬಂದಾಗ ನನಗೆ ನಗು ಬಂತು.

“ಗೋಡೆಗೆ ಚಳಿ ಆಗ್ತೈತೇನಣ್ಣ?”

“ಗೋಡೆ ಬಾಯ್ಬಡುಕಿ ಕಣಪ್ಪ. ನಾನು ಒಂದು ಅಂದ್ರೆ ಅದು ಎರಡು ಅಂತೈತೆ. ನಿನ್ನ ಕಂಬಳಿ ಅದರ ಬಾಯಿ ಮುಚ್ಚಿಸ್ಲಿ.”

ಆ ಕೋಣೆಗೇ ನನ್ನ ಮೊಮ್ಮಗಳನ್ನು ಕರೆದುಕೊಂಡು ಹೋದೆ. ಡಿಗ್ರಿ ಮುಗಿಸಿದ್ದಳು. ಕಣ್ಣು ಕಾಣದ ಮಕ್ಕಳಿಗಾಗಿ ಪಾಠದ ಪುಸ್ತಕ ಓದಿ ದನಿ ಕೊಡುವವರು ಬೇಕು ಅಂತ ಅವಳ ಫೋನಿಗೆ ಮೆಸೇಜು ಬಂದಿತ್ತು. ಒಂದು ಪಾಠ ಓದಿ ಕಳಿಸಿದಳು. ಆ ಪುಸ್ತಕದವರು ಬರೆದರು: ದನಿ ಚೆನ್ನಾಗಿದೆ, ಆದರೆ ‘ಹ’ ಇಲ್ಲ, ಹದಿನೈದು ದಿನದೊಳಗೆ ಇನ್ನೊಂದು ಸಲ ಕಳಿಸಿ, ಆಮೇಲೆ ನೋಡುವುದಿಲ್ಲ. ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಹ ಇಲ್ಲ. ಹಾಲು ಅಂದರೆ ಆಲು, ಹಟ್ಟಿ ಅಂದರೆ ಅಟ್ಟಿ. ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಅಷ್ಟರಲ್ಲಿ ಮೈಕಿನಣ್ಣನ ಗಂಟಲಲ್ಲಿ ಗಡ್ಡೆ ಆಗಿತ್ತು. ಮಾತು ನಿಲ್ಲಿಸಿ, ಇಲ್ಲದಿದ್ದರೆ ಇರುವ ದನಿಯೂ ಹೋಗುತ್ತದೆ ಎಂದು ಚಿತ್ರದುರ್ಗದ ಡಾಕ್ಟರು ಹೇಳಿದ್ದರು. ಅವರ ಹೆಂಡತಿ ನಮ್ಮನ್ನು ಬಾಗಿಲಲ್ಲೇ ತಡೆದರು. “ಕೈ ಮುಗೀತೀನಿ, ಇವ್ರನ್ನ ಮಾತಾಡಿಸ್ಬೇಡ್ರಿ.” ನಾನು ತಿರುಗಿ ಹೊರಟೆ. ಒಳಗಿಂದ ಒಡಕು ದನಿ ಬಂತು:

“ಲೇ ಕಂಬ್ಳಿ, ಬಾ ಕುಂತ್ಕ. ಈ ದನೀನ ಉಳಿಸಿಟ್ಕಂಡು ಯಾರಿಗೆ ಕೊಡ್ಲಿ?”

ಮೊದಲ ದಿನ ಅವಳ ಬಳೆ, ಗೆಜ್ಜೆ ತೆಗೆಸಿದರು. ಹಸಿದು ಬಂದರೆ ಹೊಟ್ಟೆಯ ಗುರುಗುರು ಮೈಕಿಗೆ ಕೇಳುತ್ತದೆ, ತುಂಬ ಉಂಡರೆ ತೇಗು ಬರುತ್ತದೆ, ಎರಡೂ ಬೇಡ ಅಂದರು. ಕಡಲೆಬೀಜ ಮುಟ್ಟಬೇಡ, ಬೆಚ್ಚಗಿನ ನೀರು ಗುಟುಕು ಗುಟುಕಾಗಿ ಕುಡಿ. ಉಸಿರು ತೆಗೆದುಕೊಳ್ಳುವ ಕಡೆ ಪೆನ್ಸಿಲಿನಲ್ಲಿ ಗೀಟು ಹಾಕಿಕೊ. ಅವಳು ಗಟ್ಟಿಯಾಗಿ ಓದಿದರೆ ನಿಲ್ಲಿಸು ಅಂತ ಕೈ ಎತ್ತುತ್ತಿದ್ದರು.

“ದೂರ ಹೋದ ಕುರೀನ ಕರೀತಿದೀಯೇನವ್ವ? ತಾಯಿ ಒಲ್ಲೆ ಅಂದ ಮರೀನ ತೊಡೆ ಮೇಲೆ ಹಾಕ್ಕಂಡು ಏನಂತೀಯ? ಹಂಗೆ ಓದು. ಕೇಳೋದು ಊರಲ್ಲ, ಒಂದೇ ಮಗು.”

ಹ ಕಲಿಸಲು ತಮ್ಮ ಕನ್ನಡಕ ತೆಗೆದು ಅವಳ ಬಾಯಿಗೆ ಹತ್ತಿರ ಹಿಡಿದರು. ಗಾಜು ಒರೆಸುವಾಗ ಹಾ ಅಂತ ಊದುತ್ತೇವಲ್ಲ, ಅದೇ ಉಸಿರು. ಗಾಜು ಮಂಜಾದರೆ ಹ ಬಂತು ಅಂತ ಲೆಕ್ಕ. ನನಗೂ ಹಿಡಿದು, ನಮ್ಮ ಕಡೆಯ ದೇವರು ಹಾಲುರಾಮೇಶ್ವರನ ಹೆಸರು ಹೇಳು ಅಂದರು. “ಆಲುರಾಮೇಶ್ವರ” ಅಂದೆ. ಗಾಜು ನಿಚ್ಚಳವಾಗಿಯೇ ಇತ್ತು.

“ನಿಮ್ ತಾತನ್ನ ಬಿಡವ್ವ, ಆ ಬಾಯೂ ಕಂಬಳೀನೇ” ಅಂದರು. ಅವತ್ತು ಅವರ ಹೆಂಡತಿಯೂ ನಕ್ಕರು.

ಹತ್ತು ದಿನದಲ್ಲಿ ಹ ಬಂತು. ಎಷ್ಟು ಬಂತೆಂದರೆ ಬೇಡದ ಕಡೆಗೂ ಬಂತು. ‘ಆಡು ಗುಡ್ಡ ಹತ್ತಿತು’ ಅನ್ನುವ ಸಾಲನ್ನು ‘ಹಾಡು ಗುಡ್ಡ ಹತ್ತಿತು’ ಅಂತ ಓದಿದಳು. ಆಡು ಮೇಯಿಸಿದ ಮನೆಯ ಹುಡುಗಿ! ನನ್ನ ಕಿವಿಗೂ ಬೀಳಲಿಲ್ಲ. ಮೈಕಿನಣ್ಣ ರೆಕಾರ್ಡು ನಿಲ್ಲಿಸಿದರು.

“ಹಾಡು ಗುಡ್ಡ ಹತ್ತೋದು ಚೆಂದಾನೇ ಐತೆ. ಆದ್ರೆ ಕಣ್ಣು ಕಾಣದ ಮಗು ಆಡನ್ನ ಕೈಯಾಗೆ ಮುಟ್ಟಿ ತಿಳ್ಕಂಡಿರ್ತೈತೆ. ತಪ್ಪೋ ಸರಿಯೋ ಅಂತ ಪುಟ ತಿರುವಿ ನೋಡಾಕೆ ಅದಕ್ಕಾಗಲ್ಲ. ನೀನು ಅಂದದ್ದೇ ಅದಕ್ಕೆ ಪುಸ್ತಕ ಕಣವ್ವ.”

ಅಷ್ಟು ಉದ್ದದ ಮಾತು ಅವರಿಂದ ಕೇಳಿದ್ದು ಅದೇ ಕೊನೆ. ಎರಡು ದಿನಕ್ಕೆ ದನಿ ಪೂರ್ತಿ ನಿಂತಿತು. ಅವರನ್ನು ಆಸ್ಪತ್ರೆಗೆ ಸೇರಿಸಿದರು.

ಕಳಿಸಬೇಕಾದ ಪಾಠವನ್ನು ಅವಳು ಆ ಕೋಣೆಯಲ್ಲಿ ಒಬ್ಬಳೇ ಕೂತು ಓದಿದಳು. ಕಳಿಸುವ ಮೊದಲು ಫೋನು ಹಿಡಿದು ಆಸ್ಪತ್ರೆಗೆ ಹೋದೆವು. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಸನ್ನೆ ಮಾಡಿ ಚೀಟಿ ತರಿಸಿಕೊಂಡು ಬರೆದರು. ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ: ‘ಮೂರನೇ ಸಾಲಲ್ಲಿ ಉಸಿರು ಕೇಳಿಸ್ತು.’

ಅವಳ ಮುಖ ಸಣ್ಣಗಾಯಿತು. “ತಿರುಗಿ ಓದ್ತೀನಿ ಮಾಮ” ಅಂದಳು. ಅವರು ಚೀಟಿ ಕಿತ್ತುಕೊಂಡು ಕೆಳಗೆ ಇನ್ನೊಂದು ಸಾಲು ಬರೆದರು: ‘ಇರಲಿ. ಓದ್ತಿರೋದು ಮನುಷ್ಯಳು ಅಂತ ಮಗೂಗೆ ಗೊತ್ತಾಗ್ಲಿ.’

ಅವಳು ಆಯ್ಕೆಯಾದ ಸುದ್ದಿ ಬರುವ ಮೂರು ದಿನ ಮುಂಚೆ ಮೈಕಿನಣ್ಣ ಹೋಗಿಬಿಟ್ಟರು. ಅವತ್ತು ಆಟೋದವರು ಅವರ ಫೋಟೋ ಕಟ್ಟಿಕೊಂಡು, ಮೈಕು ಆರಿಸಿ, ಸುಮ್ಮನೆ ಊರು ಸುತ್ತಿದರು. ಅಂಗಡಿಯವರೆಲ್ಲ ಹೊರಗೆ ಬಂದು ನಿಂತರು.

ಈಗ ನನ್ನ ಮೊಮ್ಮಗಳು ನಾಲ್ಕನೇ ಪುಸ್ತಕ ಓದುತ್ತಿದ್ದಾಳೆ. ನನಗೆ ಹಿಗ್ಗು ತಡೆಯುವುದಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ, ಕುರಿ ನಿಲ್ಲಿಸಿದ ಹೊಲದಲ್ಲಿ, ಕಂಡವರಿಗೆಲ್ಲ ಫೋನು ಹಿಡಿದು ಅವಳ ಆ ಮೊದಲ ಪಾಠ ಕೇಳಿಸುತ್ತೇನೆ. ಮೂರನೇ ಸಾಲು ಬರುವಾಗ ಮಾತ್ರ, “ಒಂದ್ ಗಳಿಗೆ ಯಾರೂ ಮಾತಾಡ್ಬೇಡ್ರಿ” ಅನ್ನುತ್ತೇನೆ.