ಗಾಳಿ ಹೀರುವ ಹಲಗೆ

ತೊಂಬತ್ತರ ದಶಕದ ಕೊನೆಯಲ್ಲಿ ಹಲಸೂರು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಮರಗೆಲಸದ ಅಂಗಡಿ ಇತ್ತು. ಮೊದಲು ಅದು ಹಿಟ್ಟಿನ ಗಿರಣಿಯಾಗಿದ್ದ ಜಾಗ. ಮಳೆ ಬಂದರೆ ಗೋಡೆಯ ಬಿರುಕುಗಳಿಂದ ಹಳೆಯ ಹಿಟ್ಟಿನ ಮುಗ್ಗು ವಾಸನೆ ಬರುತ್ತಿತ್ತು. ಗಿರಣಿಯವರು ಬಿಟ್ಟುಹೋದದ್ದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಮೂರು ಫೇಸಿನ ಕರೆಂಟು ಮಾತ್ರ. ಕೇಡಿಗೆ ದಾರಿಯಾದದ್ದೂ ಅದೇ.

ನಾವು ಮಾಡುತ್ತಿದ್ದದ್ದು ಗುರಾಣಿಯ ಆಕಾರದ ಮರದ ಫಲಕಗಳನ್ನು. ಸೈನ್ಯದವರು ವರ್ಗವಾಗಿ ಹೋಗುವಾಗ, ನಿವೃತ್ತರಾಗುವಾಗ, ಮೇಲೆ ಹಿತ್ತಾಳೆಯ ಲಾಂಛನ ಕೂರಿಸಿ ಕೈಗೆ ಕೊಡುತ್ತಾರಲ್ಲ, ಅಂಥವು. ಕೆಲಸಕ್ಕೆ ಇದ್ದದ್ದು ಇಬ್ಬರು. ಒಬ್ಬರು ಶಿವಾಜಿನಗರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಹಿರಿಯ ಬಡಗಿ. ನಾನು ಅವರನ್ನು ಭಾಯ್ ಎನ್ನುತ್ತಿದ್ದೆ. ಇನ್ನೊಬ್ಬಳು ಯಾದಗಿರಿ ಕಡೆಯ ಹೆಣ್ಣುಮಗಳು. ಗಂಡ ಗಾರೆ ಕೆಲಸದವನು, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ. ಬಾಗಿಲ ಪಕ್ಕ ಗೋಣಿಚೀಲ ಹಾಸಿಕೊಂಡು ದಿನವಿಡೀ ಫಲಕಗಳಿಗೆ ಸ್ಯಾಂಡ್ ಪೇಪರ್ ಉಜ್ಜುತ್ತಿದ್ದಳು. ಭಾಯ್ ಅವಳಿಗೆ ಚಾಚಾ.

ಫಲಕದ ಅಂಚನ್ನು ಭಾಯ್ ಕೈಯಲ್ಲಿ ಹಿಡಿಯುವ ರೌಟರ್ ಮಷೀನಿನಿಂದ ಕೊರೆಯುತ್ತಿದ್ದರು. ಫಲಕ ಅಲುಗದಂತೆ ಮೇಜಿಗೆ ಕ್ಲ್ಯಾಂಪ್ ಬಿಗಿದರೆ ಆ ಕ್ಲ್ಯಾಂಪೇ ದಾರಿಗೆ ಅಡ್ಡ. ಒಂದು ಫಲಕ ಮುಗಿಸಲು ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಬಿಗಿಯಬೇಕು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ತಗಡುಗಳನ್ನು ಕೆಳಗಿನಿಂದ ಗಾಳಿ ಹೀರಿ ಹಿಡಿದಿಡುವುದನ್ನು ನೋಡಿದ್ದೆ. ಅದನ್ನೇ ಇಲ್ಲಿ ಮಾಡೋಣವೆಂದು ಶಿವಾಜಿನಗರದ ಗುಜರಿಯಿಂದ ಹಳೆಯ ಫ್ರಿಜ್ಜಿನ ಕಂಪ್ರೆಸರ್ ತಂದೆ. ಗಾಳಿ ಹೀರುವ ಪಂಪು ಅದೇ. ದಪ್ಪ ಹಲಗೆಯಲ್ಲಿ ಕಾಲುವೆ ಕೊರೆದು ಸುತ್ತ ರಬ್ಬರ್ ಪಟ್ಟಿ ಕೂರಿಸಿದೆ. ನಡುವೆ ತೂತು, ತೂತಿನಿಂದ ಪಂಪಿಗೆ ಪೈಪು, ಹಿಡಿತ ಎಷ್ಟಿದೆಯೆಂದು ತೋರಿಸಲು ಪೈಪಿಗೊಂದು ಗೇಜು.

ಮೊದಲ ದಿನ ಫಲಕ ಇಟ್ಟು ಸ್ವಿಚ್ ಹಾಕಿದೆ. ಸುಯ್ಯೆಂದು ಸದ್ದಾಯಿತು. ಭಾಯ್ ಎರಡೂ ಕೈಯಲ್ಲಿ ಎಳೆದರು, ಕಾಲು ಕೊಟ್ಟು ಎಳೆದರು. ಫಲಕ ಮೇಜಿನಲ್ಲೇ ಬೆಳೆದದ್ದೋ ಎಂಬಂತೆ ಕೂತಿತ್ತು. ನಾನು ನಗುತ್ತಿದ್ದೆ, ಅವರು ನಗಲಿಲ್ಲ. ಸ್ವಿಚ್ ಆರಿಸಿ, ಗಾಳಿ ಬಿಟ್ಟು, ಫಲಕವನ್ನು ಒಂದೇ ಬೆರಳಲ್ಲಿ ಎತ್ತಿ ನೋಡಿದರು.

"ಸಾರ್, ಕ್ಲ್ಯಾಂಪ್ ಲೂಸಾದ್ರೆ ಕೈಗೆ ಗೊತ್ತಾಗುತ್ತೆ. ಇದು ಬಿಡೋ ಮುಂಚೆ ಯಾರಿಗೆ ಹೇಳುತ್ತೆ?"

"ಗೇಜ್ ಇದೆಯಲ್ಲ ಭಾಯ್, ಮುಳ್ಳು ತೋರಿಸುತ್ತೆ."

"ನಾನು ರೌಟರ್ ನೋಡ್ಲಾ, ಮುಳ್ಳು ನೋಡ್ಲಾ?"

ಪಂಪು, ರೌಟರು ಎರಡೂ ಒಂದೇ ಲೈನಿನಲ್ಲಿದ್ದರೆ ಫ್ಯೂಸು ಹಾರುತ್ತಿತ್ತು. ಅದಕ್ಕೆ ಪಂಪನ್ನು ಬೇರೆ ಫೇಸಿಗೆ ಹಾಕಿಸಿದೆ. ಹಲಸೂರಿನಲ್ಲಿ ಆಗಾಗ ಒಂದೇ ಫೇಸು ಹೋಗುತ್ತಿತ್ತು. ಎದುರು ಮನೆಯಲ್ಲಿ ಟಿವಿ ಓಡುತ್ತಿದ್ದರೆ ಪಕ್ಕದ ಮನೆಯಲ್ಲಿ ಮೇಣದಬತ್ತಿ. ಪಂಪು ನಿಂತು ರೌಟರ್ ತಿರುಗುತ್ತಲೇ ಇದ್ದರೆ ಹಿಡಿತ ತಪ್ಪಿದ ಫಲಕ ಹಾರುತ್ತದೆಂದು ನನಗೆ ಗೊತ್ತಿತ್ತು. ಪಂಪು ನಿಂತ ಕೂಡಲೇ ಹೊರಗಿನ ಗಾಳಿ ಒಳಬರದಂತೆ ಮುಚ್ಚಿಕೊಳ್ಳುವ ವಾಲ್ವ್ ಹಾಕಿದೆ. ಪಂಪು ಆರಿಸಿ, ಮೂವರೂ ಮೂಲೆಯ ಅಂಗಡಿಗೆ ಹೋಗಿ ಟೀ ಕುಡಿದು ಬಂದೆವು. ಫಲಕ ಇನ್ನೂ ಭದ್ರವಾಗಿ ಕೂತಿತ್ತು.

"ನೋಡಿ ಭಾಯ್, ಕರೆಂಟ್ ಹೋದ್ರೂ ಇಷ್ಟು ಹೊತ್ತು ಹಿಡಿದಿರುತ್ತೆ. ಆರಾಮಾಗಿ ಮಷೀನ್ ನಿಲ್ಲಿಸ್ಬಹುದು," ಎಂದೆ. ಅವರು ಹಲಗೆಯನ್ನು ನಂಬಲಿಲ್ಲ, ನನ್ನ ಮಾತನ್ನು ನಂಬಿದರು.

ಕೆಲವು ತಿಂಗಳು ಕೆಲಸ ಸರಾಗವಾಗಿ ನಡೆಯಿತು. ಫೇಸು ಎರಡು ಮೂರು ಸಲ ಹೋದರೂ ಏನೂ ಆಗಲಿಲ್ಲ. ಹಾಗೆ ಏನೂ ಆಗದೆ ಇದ್ದದ್ದೇ ನನ್ನನ್ನು ಕೆಡಿಸಿತು. ಗೇಜನ್ನು ನೋಡುವುದನ್ನೇ ಬಿಟ್ಟೆ.

ಒಂದು ಶನಿವಾರ ಬೆಳಿಗ್ಗೆ ಆ ಹೆಣ್ಣುಮಗಳು ಉಜ್ಜುವುದನ್ನು ನಿಲ್ಲಿಸಿ ಪಂಪಿನ ಕಡೆ ತಲೆ ಎತ್ತಿದಳು. "ಅಣ್ಣಾರ, ಇದರ ಸಪ್ಳ ಬ್ಯಾರೆ ಬರ್ಲಾಕತ್ತದ ನೋಡ್ರಿ. ಮೊದಲ ಹಿಂಗ ಇರ್ಲಿಲ್ರಿ."

ನನಗೆ ವ್ಯತ್ಯಾಸವೇನೂ ಕೇಳಿಸಲಿಲ್ಲ. "ಧೂಳು ಕೂತಿರ್ಬೇಕಮ್ಮ," ಎಂದೆ. ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. ಮಧ್ಯಾಹ್ನ ಇಬ್ಬರೂ ಬುತ್ತಿ ಬಿಚ್ಚಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಾಗ, ನಾನೊಬ್ಬನೇ ಒಳಗೆ ಫಲಕ ಇಟ್ಟು ಪಂಪು ಓಡಿಸಿ ಆರಿಸಿದೆ. ನಾನು ಇಪ್ಪತ್ತು ಎಣಿಸುವಷ್ಟರಲ್ಲಿ ಮುಳ್ಳು ಸೊನ್ನೆಗೆ ಬಂದಿತ್ತು. ವಾಲ್ವ್ ಬಿಚ್ಚಿದೆ. ನುಣ್ಣನೆಯ ಮರದ ಹೊಟ್ಟು ಒಳಗೆ ಮೆತ್ತಿಕೊಂಡಿತ್ತು. ರಬ್ಬರ್ ಪಟ್ಟಿ ಗಟ್ಟಿಯಾಗಿ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಊದಿ, ಬೆರಳಲ್ಲೇ ಒರೆಸಿ ಮತ್ತೆ ನೋಡಿದೆ. ಹತ್ತು ಎಣಿಕೆ ಹೆಚ್ಚಿತು, ಅಷ್ಟೇ.

ಹೊಸ ವಾಲ್ವು, ಹೊಸ ಪಟ್ಟಿ ತರಲು ಪೇಟೆಗೆ ಹೋಗಬೇಕು. ಹೋದರೆ ಆ ದಿನದ ಕೆಲಸ ನಿಂತಂತೆ. ಫಲಕಗಳನ್ನು ಸೋಮವಾರ ಬೆಳಿಗ್ಗೆ ಒಪ್ಪಿಸಬೇಕಿತ್ತು. ಕ್ಲ್ಯಾಂಪ್ ಬಿಗಿದು ಮಾಡಿದರೆ ಅಷ್ಟರಲ್ಲಿ ಮುಗಿಯುತ್ತಿರಲಿಲ್ಲ. ಮೂವತ್ತು ಎಣಿಸುವಷ್ಟು ಹೊತ್ತು ಸಾಕಲ್ಲ, ಮಷೀನ್ ನಿಲ್ಲಿಸಲು ಎರಡು ಕ್ಷಣ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ.

ಭಾಯ್ ಕೈ ತೊಳೆದು ಒಳಬಂದರು. "ಏನ್ ನೋಡ್ತಿದ್ರಿ ಸಾರ್?"

"ಏನಿಲ್ಲ ಭಾಯ್, ಧೂಳು ಒರೆಸ್ತಿದ್ದೆ."

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಮಷೀನ್ ಎತ್ತಿಕೊಂಡರು.

ಮೂರು ಗಂಟೆಯ ಹೊತ್ತಿಗೆ ಆಕಾಶ ಕಪ್ಪಿಟ್ಟಿತು. ಕೆರೆಯ ಕಡೆಯಿಂದ ಗಾಳಿ ಬೀಸಿ ಓಣಿಯ ಕಸವೆಲ್ಲ ಒಳಗೆ ನುಗ್ಗತೊಡಗಿತು. ಪಂಪಿನ ಫೇಸಿನಲ್ಲೇ ಒಂದು ಟ್ಯೂಬ್‌ಲೈಟ್ ಇತ್ತು, ಅದು ಎರಡು ಸಲ ಮಿಣುಕಿತು. ಆಗಲೇ ಕೆಲಸ ನಿಲ್ಲಿಸಬೇಕಿತ್ತು. ನಾನು ನಿಲ್ಲಿಸಲಿಲ್ಲ. ಟ್ಯೂಬ್‌ಲೈಟನ್ನೇ ನೋಡುತ್ತ ನಿಂತೆ, ಆರಿದರೆ ಕೂಗಿ ಹೇಳಿದರಾಯಿತೆಂದು. ಬಾಗಿಲ ಬಳಿ ಧೂಳು ತಡೆಯಲಾರದೆ ಆ ಹೆಣ್ಣುಮಗಳು ಗೋಣಿಚೀಲ ಎಳೆದುಕೊಂಡು ಎದುರು ಗೋಡೆಗೆ ಹೋಗಿ ಕೂತಳು. ಅದು ಭಾಯ್ ಮೇಜಿಗೆ ನೇರ ಎದುರಿನ ಜಾಗ. ಅದನ್ನೂ ನಾನು ನೋಡಿದೆ.

ಟ್ಯೂಬ್‌ಲೈಟ್ ಆರಿತು. ರೌಟರ್ ಮಾತ್ರ ಮೊದಲಿನಂತೆಯೇ ಅರಚುತ್ತಿತ್ತು.

"ಭಾಯ್, ನಿಲ್ಸಿ!"

ಆ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಓಡಿಹೋಗಿ ಅವರ ಭುಜ ಮುಟ್ಟಲು ಮೂರು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಫಲಕ ಗಿರ್ರೆಂದು ತಿರುಗಿ ಮೇಜಿನಿಂದ ಹಾರಿತು. ನಾನು ಎಣಿಸಿದ್ದ ಮೂವತ್ತು ಸುಮ್ಮನೆ ಇಟ್ಟಿದ್ದ ಫಲಕದ ಲೆಕ್ಕ. ಮಷೀನು ಅಲುಗಿಸುತ್ತಿದ್ದಾಗ ಅದು ಐದು ಎಣಿಕೆಯನ್ನೂ ತಾಳಲಿಲ್ಲ.

ಅವಳು ಮುಖಕ್ಕೆ ಅಡ್ಡ ಹಿಡಿದ ಕೈಗೆ ಅದು ಬಡಿಯಿತು. ಒಣ ಕಡ್ಡಿ ಮುರಿದಂಥ ಸದ್ದು. ಭಾಯ್ ಕೈಯಲ್ಲಿ ಮಷೀನು ಎಗರಾಡುತ್ತಿತ್ತು. ಹೇಗೋ ಎದೆಗೆ ಅವುಚಿಕೊಂಡು ಸ್ವಿಚ್ ಆರಿಸಿದರು. ಅವರಿಗೆ ಒಂದು ಗೀರೂ ಆಗಿರಲಿಲ್ಲ.

ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಅವಳು ಅಳಲಿಲ್ಲ. ಸೆರಗಿನಲ್ಲಿ ಕೈ ಸುತ್ತಿಕೊಂಡು, "ಚಾಚಾಗ ಏನೂ ಆಗಿಲ್ಲಲ್ರಿ?" ಎಂದು ಎರಡು ಸಲ ಕೇಳಿದಳು. ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಭಾಯ್ ಪಕ್ಕ ಕೂತು ಹೇಳಿದೆ. "ಮಧ್ಯಾಹ್ನ ನಾನು ನೋಡಿದ್ದೆ ಭಾಯ್. ಹಿಡಿತ ಹೋಗಿತ್ತು. ನಿಮಗೆ ಹೇಳ್ಲಿಲ್ಲ."

"ಗೊತ್ತು ಸಾರ್. ಧೂಳು ಒರೆಸ್ತಿದ್ದೆ ಅಂದ್ರಿ, ಕೈಯಲ್ಲಿ ಬಟ್ಟೆ ಇರ್ಲಿಲ್ಲ."

"ಗೊತ್ತಿದ್ದೂ ಯಾಕೆ ಮಷೀನ್ ಹಿಡಿದ್ರಿ?"

"ಮಾಲೀಕರ ಮುಖ ನೋಡಿ ಸುಳ್ಳು ಅನ್ನೋಕೆ ಬಾಯಿ ಬರ್ಲಿಲ್ಲ. ಅದು ನನ್ ತಪ್ಪು. ಆ ಹುಡುಗಿದು ಏನು ತಪ್ಪಿತ್ತು?"

ಮರುವಾರ ಕೆ.ಆರ್. ಪುರದ ಅವಳ ಕೋಣೆಗೆ ಹೋಗಿ ನಿಜ ಹೇಳಿದೆ. ಗಂಡ ಬಾಗಿಲಿಗೆ ಒರಗಿ ನಿಂತಿದ್ದ. ಅವಳು ಬೈಯಲಿಲ್ಲ. "ಸಪ್ಳ ಬ್ಯಾರೆ ಬರ್ಲಾಕತ್ತದ ಅಂತ ನಾ ಹೇಳಿದ್ನಲ್ರಿ ಅಣ್ಣಾರ," ಎಂದಳು, ನನಗೇನೋ ನೆನಪು ಮಾಡಿಕೊಡುವವಳಂತೆ. ಗಂಡ, "ಇನ್ನ ಅಕಿ ಬರಂಗಿಲ್ರಿ," ಎಂದ. ಕೈ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಆ ಕೈಯಲ್ಲಿ ಬಿಂದಿಗೆ ಎತ್ತಲಾಗುವುದಿಲ್ಲವೆಂದು ಆಮೇಲೆ ಕೇಳಿದೆ.

ಭಾಯ್ ಮತ್ತೆ ಕ್ಲ್ಯಾಂಪ್ ಬಿಗಿದು ಕೆಲಸ ಮಾಡತೊಡಗಿದರು. ಹಲಗೆ, ಪಂಪು ಮೂಲೆ ಸೇರಿದವು. ಕೆಲವು ತಿಂಗಳ ನಂತರ ಮಾರತ್ತಹಳ್ಳಿಯಲ್ಲಿ ಹೊಸದಾಗಿ ಅಂಗಡಿ ಇಡುತ್ತಿದ್ದ ಒಬ್ಬ ತರುಣ ಅವನ್ನು ನೋಡಿ ಬೇಕೆಂದ. ಆದದ್ದನ್ನೆಲ್ಲ ಹೇಳಿದೆ. ರೌಟರು, ಪಂಪು ಒಂದೇ ಫೇಸಿನಲ್ಲಿರಲಿ, ಒಂದು ನಿಂತರೆ ಎರಡೂ ನಿಲ್ಲಬೇಕು, ವಾಲ್ವ್ ದಿನಾ ನೋಡು ಎಂದೆ.

"ನೀವೇನೂ ಟೆನ್ಷನ್ ತಗೋಬೇಡಿ ಸಾರ್, ನಾವ್ ನೋಡ್ಕೊಳ್ತೀವಿ," ಎಂದು ಆಟೋಕ್ಕೆ ಹೇರಿಕೊಂಡು ಹೋದ.

ಭಾಯ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಒಡೆದು ಹಾಕ್ಬೇಕಿತ್ತು ಸಾರ್," ಎಂದರು.

ಎರಡು ವರ್ಷದ ಮೇಲೆ ಬೇರೆ ಕೆಲಸಕ್ಕೆಂದು ಮಾರತ್ತಹಳ್ಳಿಗೆ ಹೋದಾಗ ಆ ತರುಣನ ಅಂಗಡಿ ಹುಡುಕಿಕೊಂಡು ಹೋದೆ. ಬೋರ್ಡ್ ಇತ್ತು, ಷಟರ್ ಎಳೆದಿತ್ತು, ಬೀಗಕ್ಕೆ ತುಕ್ಕು ಹಿಡಿದಿತ್ತು. ಪಕ್ಕದ ಬೇಕರಿಯವನು ಮುಚ್ಚಿ ಬಹಳ ದಿನವಾಯಿತೆಂದ. ಏನೋ ಹೇಳಲು ಬಾಯಿ ತೆರೆದವನು, ಗಿರಾಕಿ ಬಂದದ್ದರಿಂದ ಅತ್ತ ತಿರುಗಿದ. ಅವನು ಮತ್ತೆ ನನ್ನ ಕಡೆ ತಿರುಗುವ ಮೊದಲೇ ನಾನು ಅಲ್ಲಿಂದ ಹೊರಟುಬಂದೆ.